ಹಳೇ ವೆದರ್‌ವೇನ್ ಅಸಲಿಯೋ ನಕಲಿಯೋ?

ಪ್ರಶ್ನೆ: ನಾವು ಬಾಸ್ಟನ್ ಹತ್ತಿರ ಇದ್ದೇವೆ. ಇಲ್ಲಿ ಹಳೇ ಸಾಮಾನು ಮಾರುವ ಕಡೆ ತಾಮ್ರದ ಕುದುರೆ ವೆದರ್‌ವೇನ್ (ಸೂರಿನ ಮೇಲೆ ತಿರುಗುತ್ತಾ ಗಾಳಿಯ ದಿಕ್ಕು ತೋರಿಸುವ ಗೊಂಬೆ) ಒಂದು ಕಣ್ಣಿಗೆ ಬಿತ್ತು. ‘ನೂರೈವತ್ತು ವರ್ಷ ಕೊಟ್ಟಿಗೆ ಮೇಲಿತ್ತು’ ಅಂತಾರೆ. ನಂಬಬಹುದಾ?

ಉತ್ತರ: ಮೈಯೆಲ್ಲ ಒಂದೇ ಸಮ ಹಸಿರು ಕಿಲುಬು ಹಿಡಿದಿದ್ದರೆ ನಂಬಬೇಡಿ. ಆಸಿಡ್ ಹಚ್ಚಿದರೆ ಹೊಸ ತಾಮ್ರಕ್ಕೂ ಆ ಬಣ್ಣ ಬರುತ್ತದೆ.

ನಿಜವಾಗಿ ಸೂರಿನ ಮೇಲೆ ನಿಂತ ಕುದುರೆ ಹಾಗೆ ಒಂದೇ ಸಮ ಸವೆಯುವುದಿಲ್ಲ. ಅದು ತಿರುಗುವ ಕಂಬಿ ಮುಂದಕ್ಕಿರುತ್ತದೆ, ಬಾಲದ ಕಡೆ ಅಗಲ ಜಾಸ್ತಿ. ಗಾಳಿ ಹಿಂಭಾಗವನ್ನು ತಳ್ಳುತ್ತದೆ, ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ. ಅಂದಮೇಲೆ ಮಳೆ, ಹಿಮದ ಹೊಡೆತ ಮೊದಲು ಬೀಳುವುದು ಮೂತಿಗೆ, ಎದೆಗೆ. ಹೊಟ್ಟೆಯ ಕೆಳಗೆ, ಕಿವಿಯ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಮೊದಲು ಮೈಗೆ ಅಂಟಿಸಿದ್ದ ಚಿನ್ನದ ರೇಕಿನ ಚೂರು ಅಲ್ಲಿ ಉಳಿದಿರಬಹುದು.

ಬೆಸುಗೆಯನ್ನೂ ನೋಡಿ. ನಿಮ್ಮ ಪಕ್ಕದ ವಾಲ್ತಮ್ ಊರಿನಲ್ಲಿ 1867ರಲ್ಲಿ ಶುರುವಾದ ಕುಶಿಂಗ್ ಅಂಡ್ ವೈಟ್ ಕಂಪನಿ ಇವುಗಳಿಗೆ ದೊಡ್ಡ ಹೆಸರು. ಮೊದಲು ಮರದಲ್ಲಿ ಕುದುರೆ ಕೆತ್ತುತ್ತಿದ್ದರು. ಅದರಿಂದ ಕಬ್ಬಿಣದ ಅಚ್ಚು. ಅಚ್ಚಿನೊಳಗೆ ತಾಮ್ರದ ತಗಡು ಇಟ್ಟು ಬಡಿದು, ಎರಡು ಹೋಳು ಮಾಡಿ ಬೆಸೆಯುತ್ತಿದ್ದರು. ಹಾಗಾಗಿ ಒಳಗೆ ಟೊಳ್ಳು, ಬೆನ್ನು ಹೊಟ್ಟೆಯ ಮೇಲೆ ಸಣ್ಣ ಗೆರೆ. ‘ಜಾನಪದ ಕಲೆ’ ಅಂತ ಈಗ ಕೊಂಡಾಡುವ ಎಷ್ಟೋ ಕುದುರೆಗಳು ಆಗ ಕ್ಯಾಟಲಾಗ್ ನೋಡಿ ತರಿಸಿದ ಕಾರ್ಖಾನೆ ಮಾಲು! ಎಥನ್ ಅಲೆನ್, ಡೆಕ್ಸ್ಟರ್ ಅಂತ ಆಗಿನ ರೇಸ್ ಕುದುರೆಗಳ ಹೆಸರಲ್ಲೇ ಮಾರುತ್ತಿದ್ದರು. ರೈತರೇ ಹಲಗೆ ಕೊಯ್ದು ಮಾಡಿಕೊಂಡ ಕೋಳಿ, ಮೀನುಗಳೂ ಇವೆ. ನನಗೆ ಇಷ್ಟ ಅವೇ.

ಗುಂಡಿನ ತೂತು ಇದ್ದರೆ ಹಳೇದು ಅಂತ ಮಾರುವವರು ಹೇಳುತ್ತಾರೆ. ಸುಮ್ನೆ ಗುರಿ ನೋಡೋಕೆ ಇವುಗಳ ಮೇಲೆ ಗುಂಡು ಹಾರಿಸಿದವರು ಇದ್ದರು, ಅದು ನಿಜ. ಆದರೆ ತೂತು ಮಾಡೋಕೆ ನಕಲಿಯವನಿಗೇನು ಕಷ್ಟ?

ಮೋಸ ಯಾಕೆ ಇಷ್ಟೊಂದು ಅಂದರೆ, ದುಡ್ಡು. 2006ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಮೂಲನಿವಾಸಿ ನಾಯಕನ ಆಕಾರದ ಒಂದು ವೆದರ್‌ವೇನ್ 58 ಲಕ್ಷ ಡಾಲರಿಗೆ ಹೋಯಿತು.

ಕೊಳ್ಳುವ ಮುಂಚೆ ಒಂದು ಭಾನುವಾರ ಬಾಸ್ಟನ್ನಿನ ಹಳೇ ಸಭಾಭವನ ಫ್ಯಾನ್ಯುಯಿಲ್ ಹಾಲ್ ಹತ್ತಿರ ಹೋಗಿ ತಲೆ ಎತ್ತಿ ನೋಡಿ. ಶೆಮ್ ಡ್ರೌನ್ ಎಂಬ ಕುಶಲಕರ್ಮಿ 1742ರಲ್ಲಿ ಮಾಡಿದ ತಾಮ್ರದ ಮಿಡತೆ, ಗಾಜಿನ ಕಣ್ಣು ಬಿಟ್ಟುಕೊಂಡು, ಮೇಲೆ ಇನ್ನೂ ಗಾಳಿಗೆ ತಿರುಗುತ್ತಿದೆ.