ಡಿಡಿ: ಬೈಟುಗಳನ್ನು ಇದ್ದ ಹಾಗೆಯೇ ಸಾಗಿಸುವ ಆಜ್ಞೆ

‘ಡಿಡಿ’ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಬ್ಯಾಂಕಿನಲ್ಲಿ ತೆಗೆಸುವ ಡಿಮಾಂಡ್ ಡ್ರಾಫ್ಟ್ ನೆನಪಾಗುತ್ತದೆ, ಇನ್ನು ಕೆಲವರಿಗೆ ದೂರದರ್ಶನ. ಯೂನಿಕ್ಸ್ ಮತ್ತು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಳನ್ನು ಬಳಸುವವರ ನಡುವೆ ಅದೇ ಎರಡಕ್ಷರ ಒಂದು ಆಜ್ಞೆಯ ಹೆಸರು. ಒಂದು ಕಡೆಯಿಂದ ದತ್ತಾಂಶವನ್ನು ಓದಿ, ಬೇಕೆಂದರೆ ನಡುವೆ ಅದರ ರೂಪವನ್ನು ಬದಲಿಸಿ, ಇನ್ನೊಂದು ಕಡೆಗೆ ಬರೆಯುವುದಷ್ಟೇ ಅದರ ಕೆಲಸ. ಪೆನ್‌ಡ್ರೈವ್‌ಗೆ ಲಿನಕ್ಸಿನ ಒಂದು ರೂಪವಾದ ಉಬುಂಟು ಇಳಿಸಲು ಹೊರಟ ಅನೇಕರು ಎಲ್ಲೋ ಕಂಡ ಸಾಲನ್ನು ಹಾಗೆಯೇ ಆಜ್ಞೆ ಟೈಪಿಸುವ ಕಿಟಕಿಯಾದ ಟರ್ಮಿನಲ್ಲಿಗೆ ಅಂಟಿಸಿ ಈ ಆಜ್ಞೆಯನ್ನು ಮೊದಲ ಬಾರಿಗೆ ಬಳಸಿರುತ್ತಾರೆ. ಆ ಸಾಲಿನ ಒಂದೊಂದು ಪದದ ಅರ್ಥವನ್ನೂ ತಿಳಿದುಕೊಳ್ಳುವುದು ಅಗತ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಇಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಡಿಸ್ಕಿನಲ್ಲಿದ್ದ ವರ್ಷಗಳ ಫೋಟೋ, ಲೆಕ್ಕಪತ್ರ, ಬರವಣಿಗೆಗಳು ಕಣ್ಣೆದುರೇ ಅಳಿಸಿಹೋಗಬಹುದು.

ಹೆಸರಿನಿಂದಲೇ ಆರಂಭಿಸೋಣ. ‘ಡಿಸ್ಕ್ ಡಂಪ್’, ‘ಡೇಟಾ ಡೂಪ್ಲಿಕೇಟರ್’ ಎಂದೆಲ್ಲ ಇದನ್ನು ಬಿಡಿಸಿ ಹೇಳುವವರಿದ್ದಾರೆ. ಪೆಟ್ಟು ತಿಂದವರು ‘ಡಿಸ್ಕ್ ಡಿಸ್ಟ್ರಾಯರ್’ ಎಂದೂ ಕರೆದಿದ್ದಾರೆ. ಇವೆಲ್ಲವೂ ಆಮೇಲೆ ಹುಟ್ಟಿಕೊಂಡ ವಿವರಣೆಗಳು. ಐಬಿಎಂ ಕಂಪನಿ 1964ರಲ್ಲಿ ಪ್ರಕಟಿಸಿದ ಸಿಸ್ಟಮ್/360 ಸರಣಿಯ ದೊಡ್ಡ ಗಣಕಗಳಿಗೆ ಕೆಲಸ ಒಪ್ಪಿಸಲು ‘ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್’ ಎಂಬ ಭಾಷೆಯಿತ್ತು. ಆ ಭಾಷೆಯಲ್ಲಿ, ಈ ಕೆಲಸಕ್ಕೆ ದತ್ತಾಂಶ ಯಾವ ಸಾಧನದಿಂದ ಬರಬೇಕು, ಎಲ್ಲಿಗೆ ಹೋಗಬೇಕು, ಅದರ ಒಂದೊಂದು ದಾಖಲೆ ಎಷ್ಟು ಉದ್ದವಿದೆ ಎಂದು ತಿಳಿಸುವ ಹೇಳಿಕೆಗೆ ‘ಡಿಡಿ’, ಅಂದರೆ ‘ಡೇಟಾ ಡೆಫಿನಿಷನ್’ ಎಂಬ ಹೆಸರು. ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಅವರೇ ಆಜ್ಞೆಯ ಹೆಸರು ಅಲ್ಲಿಂದ ಬಂದದ್ದೆಂದು ಹೇಳಿದ್ದಾರೆ. ಕನ್ನಡದಲ್ಲಿ ಇದನ್ನು ‘ದತ್ತಾಂಶ ನಿರೂಪಣೆ’ ಎನ್ನಬಹುದು. ಯೂನಿಕ್ಸಿನ ಬೇರೆ ಆಜ್ಞೆಗಳು ತಮ್ಮ ಆಯ್ಕೆಗಳನ್ನು ಅಡ್ಡಗೆರೆಯೊಂದಿಗೆ ಪಡೆದರೆ, ಇದು ಮಾತ್ರ ‘ಐಎಫ್=’, ‘ಓಎಫ್=’ ಎಂದು ಸಮಚಿಹ್ನೆಯೊಂದಿಗೆ ಪಡೆಯುತ್ತದೆ; ಆ ವಿಚಿತ್ರ ನುಡಿಗಟ್ಟು ಕೂಡ ಅದೇ ತವರಿನದು.

1974ರ ಹೊತ್ತಿಗೆ, ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ಐದನೆಯ ಆವೃತ್ತಿಯಲ್ಲಿ, ಈ ಆಜ್ಞೆ ಕಾಣಿಸಿಕೊಂಡಿತು. ಆಗ ಗಣಕಗಳ ನಡುವೆ ದತ್ತಾಂಶ ಮ್ಯಾಗ್ನೆಟಿಕ್ ಟೇಪಿನ ಮೇಲೆ ಓಡಾಡುತ್ತಿತ್ತು. ಐಬಿಎಂ ಗಣಕದಿಂದ ಬಂದ ಟೇಪಿನಲ್ಲಿ ಅಕ್ಷರಗಳ ಸಂಕೇತ ‘ಎಬ್‌ಸಿಡಿಕ್’. ಯೂನಿಕ್ಸಿಗೆ ಗೊತ್ತಿದ್ದದ್ದು ‘ಆಸ್ಕಿ’. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ ಆಸ್ಕಿಯಲ್ಲಿ 65 ಎಂಬ ಸಂಖ್ಯೆಯಿದ್ದರೆ ಎಬ್‌ಸಿಡಿಕ್‌ನಲ್ಲಿ 193. ಅಲ್ಲಿ ಒಂದೊಂದು ಸಾಲೂ ರಂಧ್ರಪತ್ರದ ಅಳತೆಗೆ ತಕ್ಕಂತೆ 80 ಅಕ್ಷರ ಉದ್ದವಿದ್ದು ಉಳಿದ ಜಾಗ ಖಾಲಿಯಿಂದ ತುಂಬಿರುತ್ತಿತ್ತು. ಇಲ್ಲಿ ಸಾಲಿನ ಕೊನೆಯನ್ನು ಒಂದು ಗುರುತು ಹೇಳುತ್ತಿತ್ತು. ಇಂಥ ಪರವೂರಿನ ಟೇಪನ್ನು ಸರಿಯಾದ ಗಾತ್ರದ ತುಂಡುಗಳಲ್ಲಿ ಓದಿ, ಅಕ್ಷರಗಳನ್ನು ಬದಲಿಸಿ, ಸಾಲುಗಳನ್ನು ಬಿಡಿಸಿಕೊಡುವುದಕ್ಕಾಗಿ ಡಿಡಿ ಹುಟ್ಟಿತು. ‘ಕಾನ್ವ್=’ ಎಂಬ ಆಯ್ಕೆಯ ಅಡಿಯಲ್ಲಿ ಆ ಪರಿವರ್ತನೆಗಳು ಇಂದಿಗೂ ಉಳಿದಿವೆ. ಅವುಗಳ ಮಿತಿಯನ್ನೂ ತಿಳಿದಿರಬೇಕು: ಅಕ್ಷರ ಬದಲಿಸುವಾಗ ಒಂದು ಬೈಟಿನ ಜಾಗದಲ್ಲಿ ಇನ್ನೊಂದು ಬೈಟನ್ನು ಇಡುವುದಷ್ಟೇ ಅವುಗಳಿಗೆ ಗೊತ್ತು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುವ ಕಡತವನ್ನು ಯೂನಿಕೋಡಿಗೆ ತರಲು ಡಿಡಿಯಿಂದ ಆಗದು; ಅದಕ್ಕೆ ಬೇರೆಯೇ ಪರಿವರ್ತಕ ಬೇಕು.

ಡಿಡಿಗೆ ಬೈಟುಗಳ ಹೊರತು ಬೇರೇನೂ ಕಾಣುವುದಿಲ್ಲ ಎಂಬುದನ್ನು ಕನ್ನಡ ಪಠ್ಯದ ಮೇಲೆಯೇ ಪರೀಕ್ಷಿಸಿ ನೋಡಬಹುದು. ‘ಕನ್ನಡ’ ಎಂಬ ಪದ ಓದುವವನ ಕಣ್ಣಿಗೆ ಮೂರಕ್ಷರ. ಯೂನಿಕೋಡಿನಲ್ಲಿ ಅದು ಕ, ನ, ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆ (್), ನ, ಡ ಎಂಬ ಐದು ಘಟಕ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಘಟಕವೂ ಮೂರು ಬೈಟು ಹಿಡಿಯುವುದರಿಂದ ಒಟ್ಟು 15 ಬೈಟು. ಈ ಪದವನ್ನು ‘ಪ್ರಿಂಟ್‌ಎಫ್’ ಆಜ್ಞೆಯ ಮೂಲಕ ಡಿಡಿಗೆ ಕಳುಹಿಸಿ, ತುಂಡಿನ ಗಾತ್ರ ಹೇಳುವ ‘ಬಿಎಸ್’ 3 ಎಂದೂ ತುಂಡುಗಳ ಎಣಿಕೆ ಹೇಳುವ ‘ಕೌಂಟ್’ 1 ಎಂದೂ ಕೊಟ್ಟರೆ ತೆರೆಯ ಮೇಲೆ ‘ಕ’ ಮಾತ್ರ ಬರುತ್ತದೆ. ಮೊದಲ ತುಂಡನ್ನು ಬಿಟ್ಟು ಮುಂದಿನ ಮೂರನ್ನು ಕೇಳಿದರೆ ‘ನ್ನ’ ಎಂಬ ಒತ್ತಕ್ಷರ ಇಡಿಯಾಗಿ ಸಿಗುತ್ತದೆ. ‘ಬಿಎಸ್’ 4 ಎಂದು ಬದಲಿಸಿ ಒಂದೇ ತುಂಡು ಕೇಳಿದರೆ ‘ಕ’ದ ಬೆನ್ನಿಗೆ ‘ನ’ದ ಮೂರರಲ್ಲಿ ಒಂದು ಬೈಟು ಮಾತ್ರ ಬಂದು, ಟರ್ಮಿನಲ್ ಅದನ್ನು ಓದಲಾಗದೆ ಪ್ರಶ್ನಾರ್ಥಕದಂಥ ಗುರುತನ್ನು ತೋರಿಸುತ್ತದೆ. ಅಕ್ಷರವನ್ನು ನಡುವೆ ಕತ್ತರಿಸಿದ್ದೇನೆಂಬ ಅರಿವು ಡಿಡಿಗೆ ಇಲ್ಲ. ಅದು ಹೇಳಿದಷ್ಟು ಬೈಟುಗಳನ್ನು ಲೆಕ್ಕ ತಪ್ಪದೆ ಕೊಟ್ಟಿರುತ್ತದೆ.

ಇದೇ ಪ್ರಯೋಗದಲ್ಲಿ, ಡಿಡಿ ಕೊನೆಗೆ ಒಪ್ಪಿಸುವ ವರದಿಯನ್ನೂ ಓದಲು ಕಲಿಯಬಹುದು. ‘ಕೌಂಟ್’ ಇಲ್ಲದೆ, ‘ಬಿಎಸ್’ 4 ಇಟ್ಟುಕೊಂಡು 15 ಬೈಟನ್ನೂ ಸಾಗಿಸಿದರೆ ‘3+1 ರೆಕಾರ್ಡ್ಸ್ ಇನ್’ ಎಂಬ ಸಾಲು ಬರುತ್ತದೆ. ಕೂಡಿಸುವ ಗುರುತಿನ ಎಡಗಡೆಯದು ಪೂರ್ತಿ ತುಂಬಿದ ತುಂಡುಗಳ ಸಂಖ್ಯೆ, ಬಲಗಡೆಯದು ಅರೆಬರೆ ತುಂಬಿದವುಗಳ ಸಂಖ್ಯೆ. ನಾಲ್ಕು ಮೂರಲಿ ಹನ್ನೆರಡು, ಉಳಿದ ಮೂರು ಬೈಟು ಅರೆ ತುಂಡಿನಲ್ಲಿ. ಡಿಸ್ಕಿನಿಂದ ಓದುವಾಗ ಅರೆ ತುಂಡು ಸಾಮಾನ್ಯವಾಗಿ ಕಡತದ ಕೊನೆಗಷ್ಟೇ ಬರುತ್ತದೆ. ಪೈಪಿನ, ಅಂದರೆ ಇನ್ನೊಂದು ಆಜ್ಞೆಯಿಂದ ದತ್ತಾಂಶ ನೇರವಾಗಿ ಹರಿದುಬರುವ ಕೊಂಡಿಯ, ಮೂಲಕ ಓದುವಾಗ ಹಾಗಲ್ಲ, ನಡುನಡುವೆಯೂ ಬರಬಹುದು. ಆಗ ‘ಕೌಂಟ್’ ಅರೆ ತುಂಡನ್ನೂ ಒಂದೆಂದೇ ಎಣಿಸುವುದರಿಂದ ನಾವು ಬಯಸಿದ್ದಕ್ಕಿಂತ ಕಡಿಮೆ ದತ್ತಾಂಶ ಸಾಗಿರುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಆವೃತ್ತಿಯ ಡಿಡಿಯಲ್ಲಿ ‘ಐಫ್ಲ್ಯಾಗ್=ಫುಲ್‌ಬ್ಲಾಕ್’ ಎಂದು ಸೇರಿಸಿದರೆ ಈ ತೊಂದರೆ ತಪ್ಪುತ್ತದೆ.

ಇನ್ನು ಪೆನ್‌ಡ್ರೈವಿನ ಸಾಲಿಗೆ ಬರೋಣ: ‘ಡಿಡಿ ಐಎಫ್=ಉಬುಂಟು.ಐಎಸ್‌ಒ ಓಎಫ್=/ಡೆವ್/ಎಸ್‌ಡಿಬಿ ಬಿಎಸ್=4ಎಂ’. ಟೈಪಿಸುವಾಗ, ಕೊನೆಯ ‘ಎಂ’ ಒಂದನ್ನು ಬಿಟ್ಟರೆ, ಇವೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳು. ‘ಐಎಫ್’ ಎಂದರೆ ಇನ್‌ಪುಟ್ ಫೈಲ್, ಓದಬೇಕಾದ್ದು. ‘ಓಎಫ್’ ಎಂದರೆ ಔಟ್‌ಪುಟ್ ಫೈಲ್, ಬರೆಯಬೇಕಾದ್ದು. ಯೂನಿಕ್ಸಿನಲ್ಲಿ ಡಿಸ್ಕ್ ಕೂಡ ಒಂದು ಕಡತದಂತೆ ಕಾಣುವುದರಿಂದ ಡಿಸ್ಕಿನ ಹೆಸರನ್ನೇ ಇಲ್ಲಿ ನೇರವಾಗಿ ಕೊಡಬಹುದು; ಈ ಸಾಲಿನಲ್ಲಿ ‘/ಡೆವ್/ಎಸ್‌ಡಿಬಿ’ ಎಂಬುದು ಪೆನ್‌ಡ್ರೈವಿನ ಹೆಸರು. ಕಡತಗಳನ್ನು ಫೋಲ್ಡರಿನಿಂದ ಫೋಲ್ಡರಿಗೆ ಎಳೆದು ಹಾಕುವಾಗ ಅವುಗಳ ಒಳಗಿನ ವಿಷಯ ಮಾತ್ರ ಬರುತ್ತದೆ. ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಇರುವ, ಗಣಕವನ್ನು ಚಾಲೂ ಮಾಡುವ ಬೂಟ್ ಸಂಕೇತ, ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂದು ಹೇಳುವ ಪಾರ್ಟಿಷನ್ ಪಟ್ಟಿ ಬರುವುದಿಲ್ಲ. ಡಿಡಿ ಮೊದಲ ಬೈಟಿನಿಂದ ಆರಂಭಿಸಿ ಎಲ್ಲವನ್ನೂ ಇದ್ದ ಜಾಗದಲ್ಲೇ ಇಡುವುದರಿಂದ ಆ ಪೆನ್‌ಡ್ರೈವ್‌ನಿಂದ ಗಣಕ ಏಳುತ್ತದೆ. ‘ಎಸ್‌ಡಿಬಿ’ ಬದಲು ‘ಎಸ್‌ಡಿಬಿ1’ ಎಂದು ಪಾರ್ಟಿಷನ್ನಿಗೆ ಬರೆದರೆ ಏಳದಿರುವುದೂ ಇದೇ ಕಾರಣಕ್ಕೆ. ಉಬುಂಟುವಿನ ಪ್ರತಿಕೃತಿ, ಅಂದರೆ ಆ ‘ಐಎಸ್‌ಒ’ ಕಡತ, ಹೀಗೆ ನೇರವಾಗಿ ಬರೆಯಲೆಂದೇ ಸಿದ್ಧವಾಗಿರುತ್ತದೆ, ವಿಂಡೋಸಿನದು ಹಾಗಿರುವುದಿಲ್ಲ.

‘ಬಿಎಸ್’ ಕೊಡದಿದ್ದರೆ ಡಿಡಿ 512 ಬೈಟಿನ ತುಂಡುಗಳಲ್ಲಿ ಕೆಲಸ ಮಾಡುತ್ತದೆ. 4 ಜಿಬಿ ಪ್ರತಿಕೃತಿಗೆ ಆಗ 83,88,608 ಸಲ ಓದಿ ಅಷ್ಟೇ ಸಲ ಬರೆಯಬೇಕು. 4 ಎಂಬಿ ಎಂದು ಕೊಟ್ಟರೆ 1,024 ಸಲ ಸಾಕು. ವೇಗದ ವ್ಯತ್ಯಾಸ ಅಲ್ಲೇ ಇದೆ.

ಹೊಸಬರನ್ನು ಹೆಚ್ಚು ಕಾಡುವುದು ಒಂದರಂತೆ ಇನ್ನೊಂದು ಕಾಣುವ ಪದಗಳು. ‘ಸ್ಕಿಪ್’ ಮತ್ತು ‘ಸೀಕ್’ ಎರಡೂ ಮುಂದಕ್ಕೆ ಹಾರುವುದನ್ನೇ ಹೇಳುತ್ತವೆ, ಆದರೆ ಮೊದಲನೆಯದು ಓದುವ ಕಡೆ ಹಾರುತ್ತದೆ, ಎರಡನೆಯದು ಬರೆಯುವ ಕಡೆ. ‘ಸಿಂಕ್’ ಮತ್ತು ‘ಎಫ್‌ಸಿಂಕ್’ ಇನ್ನೂ ದಾರಿ ತಪ್ಪಿಸುವ ಜೋಡಿ. ಬರೆದದ್ದು ಮೆಮೊರಿಯಲ್ಲೇ ಉಳಿಯದೆ ನಿಜವಾಗಿ ಸಾಧನವನ್ನು ಮುಟ್ಟುವ ತನಕ ಕಾಯಬೇಕೆಂದರೆ ‘ಕಾನ್ವ್=ಎಫ್‌ಸಿಂಕ್’ ಎನ್ನಬೇಕು. ‘ಕಾನ್ವ್=ಸಿಂಕ್’ ಎಂಬುದಕ್ಕೆ ಸಂಬಂಧವೇ ಇಲ್ಲದ ಅರ್ಥ: ಓದಿದ ತುಂಡು ಅರೆಬರೆಯಾಗಿದ್ದರೆ ಉಳಿದ ಜಾಗಕ್ಕೆ ಸೊನ್ನೆ ತುಂಬು ಎಂದು. ಕೆಟ್ಟ ಡಿಸ್ಕಿನಿಂದ ಓದುವಾಗ ‘ನೋಎರರ್’ ಎಂಬುದರ ಜೊತೆ ಇದನ್ನು ಬಳಸುತ್ತಾರೆ. ಓದಲಾಗದ ಭಾಗದಲ್ಲಿ ನಿಲ್ಲದೆ ಅಷ್ಟೂ ಜಾಗಕ್ಕೆ ಸೊನ್ನೆ ಇಟ್ಟು ಮುಂದೆ ಹೋಗುವುದರಿಂದ ಅದರ ನಂತರದ ದತ್ತಾಂಶ ತನ್ನ ಸ್ಥಾನ ಕಳೆದುಕೊಳ್ಳುವುದಿಲ್ಲ. ಆದರೂ ಸಾಯುತ್ತಿರುವ ಡಿಸ್ಕಿಗೆ ನಾನು ಡಿಡಿಯನ್ನು ಸೂಚಿಸುವುದಿಲ್ಲ. ‘ಗ್ನೂ ಡಿಡಿರೆಸ್ಕ್ಯೂ’ ಎಂಬ ಬೇರೆ ಸಾಧನ, ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಹೊರತೆಗೆದುಕೊಂಡು, ಕಷ್ಟದ ಭಾಗಗಳನ್ನು ಗುರುತು ಹಾಕಿಟ್ಟು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಡಿಸ್ಕಿಗೆ ಉಳಿದಿರುವ ಆಯುಸ್ಸು ಕಡಿಮೆಯಿರುವಾಗ ಈ ಕ್ರಮವೇ ಸರಿ.

ಅಪಾಯ ಇರುವುದು ‘ಓಎಫ್’ನಲ್ಲಿ. ಒಳಗಿನ ಡಿಸ್ಕಿನ ಹೆಸರು ‘ಎಸ್‌ಡಿಎ’, ಪೆನ್‌ಡ್ರೈವಿನದು ‘ಎಸ್‌ಡಿಬಿ’ ಆಗಿರುವ ಗಣಕದಲ್ಲಿ ಎರಡರ ನಡುವಿನ ಅಂತರ ಒಂದಕ್ಷರ ಮಾತ್ರ, ಮತ್ತು ಈ ಹೆಸರುಗಳು ಸ್ಥಿರವೂ ಅಲ್ಲ: ಇನ್ನೊಂದು ಸಾಧನ ಚುಚ್ಚಿದರೆ, ಗಣಕವನ್ನು ಮತ್ತೆ ಚಾಲೂ ಮಾಡಿದರೆ ನಿನ್ನೆ ‘ಬಿ’ ಆಗಿದ್ದದ್ದು ಇಂದು ‘ಸಿ’ ಆಗಬಹುದು. ಡಿಡಿ ‘ಖಚಿತವೇ?’ ಎಂದು ಕೇಳುವುದಿಲ್ಲ. ಆಡಳಿತಾಧಿಕಾರದಲ್ಲಿ ಓಡಿಸಿದಾಗ ಲಿನಕ್ಸ್ ಕೂಡ ಸಾಮಾನ್ಯವಾಗಿ ತಡೆಯುವುದಿಲ್ಲ. ಮೊದಲ ತುಂಡು ಬರೆದ ಕ್ಷಣದಲ್ಲೇ ಪಾರ್ಟಿಷನ್ ಪಟ್ಟಿ ಹೋಗಿರುತ್ತದೆ, ಗಾಬರಿಯಿಂದ ಆಜ್ಞೆ ನಿಲ್ಲಿಸುವ ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ ನೂರಾರು ಎಂಬಿ ಮೇಲೆ ಬರೆದಾಗಿರುತ್ತದೆ.

ಆದ್ದರಿಂದ ನಾನು ಪೆನ್‌ಡ್ರೈವ್ ಚುಚ್ಚುವ ಮೊದಲೊಮ್ಮೆ, ಚುಚ್ಚಿದ ಮೇಲೊಮ್ಮೆ ‘ಎಲ್‌ಎಸ್‌ಬಿಎಲ್‌ಕೆ’ ಎಂಬ, ಡಿಸ್ಕುಗಳ ಪಟ್ಟಿ ಕೊಡುವ ಆಜ್ಞೆ ಓಡಿಸಿ, ಎರಡನೆಯ ಪಟ್ಟಿಯಲ್ಲಿ ಹೊಸದಾಗಿ ಕಂಡ ಹೆಸರು ಯಾವುದು, ಅದರ ಎದುರಿನ ಗಾತ್ರ ನನ್ನ ಕೈಲಿರುವ ಪೆನ್‌ಡ್ರೈವಿನದೇ ಹೌದೇ ಎಂದು ನೋಡುತ್ತೇನೆ. ಅದು ತಾನಾಗಿ ಮೌಂಟ್ ಆಗಿದ್ದರೆ, ಅಂದರೆ ಬಳಕೆಗೆ ತೆರೆದುಕೊಂಡಿದ್ದರೆ, ಮೊದಲು ಅನ್‌ಮೌಂಟ್ ಮಾಡುತ್ತೇನೆ. ಸಾಲನ್ನು ಟೈಪಿಸಿದ ಮೇಲೆ, ಎಂಟರ್ ಒತ್ತುವ ಮೊದಲು, ‘ಓಎಫ್’ ಮುಂದಿರುವುದನ್ನು ಬಾಯಿಬಿಟ್ಟು ಓದುತ್ತೇನೆ. 2015ರಲ್ಲಿ ಗ್ನೂ ಆವೃತ್ತಿಗೆ ಸೇರಿದ ‘ಸ್ಟೇಟಸ್=ಪ್ರೋಗ್ರೆಸ್’ ಎಂಬುದನ್ನು ಹಾಕಿದರೆ ಎಷ್ಟು ಬೈಟು ಸಾಗಿತು ಎಂಬುದು ತೆರೆಯ ಮೇಲೆ ಕಾಣುತ್ತಿರುತ್ತದೆ. ಆ ಎಣಿಕೆ ಕೊನೆ ಮುಟ್ಟಿದ ಮೇಲೂ ‘ಎಫ್‌ಸಿಂಕ್’ ಕೊಟ್ಟಿದ್ದರೆ ಆಜ್ಞೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಂತೆ ಕಾಣುತ್ತದೆ. ಮೆಮೊರಿಯಲ್ಲಿ ಉಳಿದದ್ದು ಪೆನ್‌ಡ್ರೈವಿಗೆ ಇಳಿಯುತ್ತಿರುವ ಹೊತ್ತು ಅದು; ಟರ್ಮಿನಲ್ ಮತ್ತೆ ಮುಂದಿನ ಆಜ್ಞೆಗೆ ಕಾಯುವ ತನಕ ಪೆನ್‌ಡ್ರೈವನ್ನು ಕೀಳಬಾರದು.