‘ಬಾಕ್ಸ್ ಪೀಸ್’ ಕೀಬೋರ್ಡ್: ಯಾರೂ ಬಳಸಿಲ್ಲ ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ: ಮಂಡ್ಯದಲ್ಲಿ ಮುಚ್ಚಿಹೋದ ಡಿಟಿಪಿ ಅಂಗಡಿಯ ಹಳೇ ಟಿವಿಎಸ್ ಗೋಲ್ಡ್ ಕೀಬೋರ್ಡ್ ಒಂದು ಮಾರಾಟಕ್ಕಿದೆ. ‘ಬಾಕ್ಸ್ ಪೀಸ್ ಸಾರ್, ಒಂದಿನಾನೂ ಬಳಸಿಲ್ಲ’ ಅನ್ನುತ್ತಾರೆ. ನಂಬಬಹುದಾ?

ಉತ್ತರ: ಡಬ್ಬಿ ನೋಡಿ ನಂಬಬೇಡಿ. ಡಬ್ಬಿ ಒಂದರದ್ದು, ಒಳಗಿರುವುದು ಇನ್ನೊಂದು. ಮೈಸೂರಿನ ಗುಜರಿಯೊಂದರಲ್ಲಿ ನನಗೂ ಹೀಗೇ ಟೋಪಿ ಬಿತ್ತು. ಥರ್ಮೋಕೋಲ್, ಪ್ಲಾಸ್ಟಿಕ್ ಕವರ್ ಎಲ್ಲಾ ಇತ್ತು. ಮನೆಗೆ ತಂದು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದೆ. ಬೆರಳು ಉಜ್ಜಿ ಉಜ್ಜಿ ಎಫ್ ಕೀ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು!

ಇಂಗ್ಲಿಷ್ ಟೈಪ್ ಮಾಡುವವರಿಗೆ ಎಫ್ ಜಾಸ್ತಿ ಬೇಕಾಗುವುದಿಲ್ಲ. ಆದರೆ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿರುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದರೆ ಎಫ್ ಒತ್ತಲೇಬೇಕು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ. ದೀರ್ಘಕ್ಕೆ, ಮಹಾಪ್ರಾಣಕ್ಕೆ ಶಿಫ್ಟ್. ಹಾಗಾಗಿ ಎಫ್, ಶಿಫ್ಟ್, ಸ್ಪೇಸ್‌ಬಾರ್‌ನಲ್ಲಿ ಹೆಬ್ಬೆರಳು ಬೀಳುವ ಜಾಗ, ಈ ಮೂರೂ ನುಣುಪಾಗಿದ್ದರೆ ಅದರ ಮೇಲೆ ಅದೆಷ್ಟು ಲಗ್ನಪತ್ರಿಕೆ ಟೈಪಾಗಿವೆಯೋ.

ಆಮೇಲೆ ಪ್ಲಗ್ ನೋಡಿ. ಹಳೇ ಕೀಬೋರ್ಡ್‌ಗಳಲ್ಲಿ ಬರುತ್ತಿದ್ದ ಗುಂಡಗಿನ ಪಿಎಸ್/2 ಪ್ಲಗ್‌ನ ಲೋಹದ ಬಳೆಗೆ, ಒಂದೆರಡು ಸಲ ಸಿಕ್ಕಿಸಿ ತೆಗೆದರೂ ಗೀರು ಬೀಳುತ್ತದೆ. ಒಂದು ಕೀ ಕಿತ್ತು ಕೆಳಗೂ ಇಣುಕಿ. ಕೂದಲು, ಬಿಸ್ಕತ್ತಿನ ಪುಡಿ ಕಂಡರೆ ಕಥೆ ಮುಗಿಯಿತು, ಅಲ್ವಾ?

ಬಳಸದೇ ಇದ್ದ ಮಾತ್ರಕ್ಕೆ ಚೆನ್ನಾಗಿರುತ್ತದೆ ಎಂದೇನೂ ಇಲ್ಲ. 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಕೀಬೋರ್ಡನ್ನೇ ನೋಡಿ. ಅದರ ಕೀಗಳು ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್‌ನವು, ಸುಲಭಕ್ಕೆ ಮಿಂಚುವುದಿಲ್ಲ, ಹಳದಿಗೂ ತಿರುಗುವುದಿಲ್ಲ. ತಯಾರಾದ ದಿನಾಂಕ ಬೆನ್ನ ಮೇಲಿನ ಚೀಟಿಯಲ್ಲೇ ಇರುತ್ತದೆ. ಆದರೆ ಒಳಗಿನ ಉಕ್ಕಿನ ತಗಡನ್ನು ಹಿಡಿದಿರುವುದು ಪ್ಲಾಸ್ಟಿಕ್ ರಿವೆಟ್‌ಗಳು. ಡಬ್ಬಿಯಲ್ಲಿ ಸುಮ್ನೆ ಮಲಗಿದ್ದರೂ ವಯಸ್ಸಾದ ಹಾಗೆ ಅವು ಮುರಿಯುತ್ತವೆ. ಮೆಲ್ಲಗೆ ಅಲ್ಲಾಡಿಸಿ, ಒಳಗೆ ಗಲಗಲ ಅಂದರೆ ಉದುರಿವೆ ಅಂತಲೇ. ಅದಕ್ಕೂ ಹಿಂದಿನ, 1981ರ ಐಬಿಎಂ ಪಿಸಿ ಜೊತೆ ಬಂದ ಮಾಡೆಲ್ ಎಫ್ ಕೀಬೋರ್ಡ್‌ನಲ್ಲಿ ಒಳಗಿನ ಫೋಮ್ ಪುಡಿಯಾಗುತ್ತದೆ.

ಹಳೇ ಟಿವಿಎಸ್ ಗೋಲ್ಡ್‌ನಲ್ಲಿ ಆ ಭಯವಿಲ್ಲ. ಅದರಲ್ಲಿರುವುದು ಚೆರ್ರಿ ಕಂಪನಿಯ ಎಂಎಕ್ಸ್ ನೀಲಿ ಸ್ವಿಚ್‌ಗಳು, ಒಂದೊಂದು ಕೀಗೂ ಬೇರೆ ಬೇರೆ. ಒತ್ತಿದರೆ 2 ಮಿಲಿಮೀಟರ್ ಆಸುಪಾಸಿನಲ್ಲೇ ಟಕ್ ಅನ್ನುತ್ತದೆ, ಪೂರ್ತಿ ಇಳಿಯುವುದು 4 ಮಿಲಿಮೀಟರ್. ಪಿಎಸ್/2 ಕಿಂಡಿ ಇರುವ ಹಳೇ ಕಂಪ್ಯೂಟರ್‌ಗೆ ಸಿಕ್ಕಿಸಿ ಎಲ್ಲಾ ಕೀ ಒತ್ತಿ ನೋಡಿ. ಕಂಪ್ಯೂಟರ್ ಆಫ್ ಮಾಡಿಯೇ ಸಿಕ್ಕಿಸಿ. ಒಮ್ಮೆ ಒತ್ತಿದರೆ ಎರಡೆರಡು ಅಕ್ಷರ ಬಂತಾ? ಒಳಗೆ ಧೂಳೋ ಕಿಲುಬೋ ಸೇರಿದೆ. ಅದೇ ಕೀಯನ್ನು ಐವತ್ತು ಸಲ ಒತ್ತಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಸರಿಹೋಗದಿದ್ದರೆ ಚೌಕಾಸಿ ಶುರು ಮಾಡಿ.

‘ಬಾಕ್ಸ್ ಓಪನ್ ಮಾಡಿದ್ರೆ ರೇಟ್ ಹೋಗುತ್ತೆ’ ಎಂದು ತೆರೆಯಲೇ ಬಿಡದಿದ್ದರೆ? ಕೊಳ್ಳದೇ, ಕಾಫಿ ಕುಡಿದು ಮನೆಗೆ ವಾಪಸ್ ಬನ್ನಿ.