ದಾರಿ ತಿಳಿದ ಮೇಲೆ ಹೆಸರು

ಹೊಸ ಕ್ಷುದ್ರಗ್ರಹವೊಂದು ದೂರದರ್ಶಕಕ್ಕೆ ಸಿಕ್ಕ ರಾತ್ರಿಯೇ ಅದಕ್ಕೆ ಹೆಸರಿಡುವ ಪದ್ಧತಿ ಖಗೋಳ ವಿಜ್ಞಾನದಲ್ಲಿ ಇಲ್ಲ. ಅದಕ್ಕೆ ಮೊದಲು ದೊರೆಯುವುದು ಅಂಕಿ ಮತ್ತು ಅಕ್ಷರಗಳ ಒಂದು ತಾತ್ಕಾಲಿಕ ಗುರುತು. ಉದಾಹರಣೆಗೆ, 2004 ಎಂಎನ್4 ಎಂಬ ಗುರುತನ್ನು ಬಿಡಿಸಿ ನೋಡಬಹುದು. ಮೊದಲಿನ ಅಂಕಿ ಅದು ಕಂಡ ವರ್ಷ. ವರ್ಷವನ್ನು 24 ಅರ್ಧ ತಿಂಗಳುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರವನ್ನು ಕೊಡಲಾಗಿದೆ. ‘ಐ’ ಅಕ್ಷರವನ್ನು ಮಾತ್ರ ಕೈಬಿಡಲಾಗಿದೆ. ಈ ಲೆಕ್ಕದಲ್ಲಿ ‘ಎಂ’ ಎಂದರೆ ಜೂನ್ ತಿಂಗಳ ಉತ್ತರಾರ್ಧ. ಎರಡನೆಯ ಅಕ್ಷರವು ಆ ಅರ್ಧ ತಿಂಗಳಲ್ಲಿ ಇದು ಎಷ್ಟನೆಯದು ಎಂಬುದನ್ನು ಸೂಚಿಸುತ್ತದೆ. 25 ಅಕ್ಷರಗಳೂ ಮುಗಿದರೆ ಮತ್ತೆ ಮೊದಲಿನಿಂದ ಶುರುಮಾಡಿ, ಎಷ್ಟು ಸುತ್ತು ಮುಗಿದಿದೆ ಎಂಬುದನ್ನು ಪಕ್ಕದಲ್ಲಿ ಬರೆಯುತ್ತಾರೆ. ‘ಎನ್’ ಹದಿಮೂರನೆಯ ಅಕ್ಷರ, ಮುಗಿದದ್ದು ನಾಲ್ಕು ಸುತ್ತು. ಅಂದರೆ ಇದು 2004ರ ಜೂನ್ ಉತ್ತರಾರ್ಧದ 113ನೆಯ ದಾಖಲೆ.

ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡು, ಕಕ್ಷೆ ಖಚಿತವಾದ ಮೇಲಷ್ಟೇ ಕ್ಷುದ್ರಗ್ರಹಕ್ಕೆ ಶಾಶ್ವತ ಸಂಖ್ಯೆ ಸಿಗುತ್ತದೆ. ಮುಂದಿನ ದಶಕಗಳಲ್ಲಿ ಅದು ಯಾವಾಗ ಎಲ್ಲಿರುತ್ತದೆ ಎಂದು ಹೇಳಬಲ್ಲೆವಾದರೆ ಮಾತ್ರ ಅದು ನಮಗೆ ಪರಿಚಿತ ಎಂದರ್ಥ. ಹೆಸರಿನ ಮಾತು ಬರುವುದು ಆನಂತರವೇ. 2004 ಎಂಎನ್4 ಹೀಗೆ 99942 ಎಂಬ ಸಂಖ್ಯೆಯನ್ನೂ, ಬಳಿಕ ಅಪೋಫಿಸ್ ಎಂಬ ಹೆಸರನ್ನೂ ಪಡೆಯಿತು. ಪ್ರಾಚೀನ ಈಜಿಪ್ಟಿನ ಪುರಾಣದಲ್ಲಿ ಸೂರ್ಯದೇವ ರಾನನ್ನು ನುಂಗಲು ಹೊಂಚುಹಾಕುವ ಕತ್ತಲೆಯ ಸರ್ಪವೇ ಅಪೋಫಿಸ್. ಈ ಬಂಡೆ 2029ರಲ್ಲಿ ಭೂಮಿಗೆ ಬಡಿಯಬಹುದೆಂದು ಕೆಲಕಾಲ ಶಂಕಿಸಲಾಗಿದ್ದರಿಂದ ಆ ಹೆಸರು ಸಹಜವಾಗಿಯೇ ಅಂಟಿಕೊಂಡಿತು. ಕಕ್ಷೆ ಸ್ಪಷ್ಟವಾದ ಮೇಲೆ ಶಂಕೆ ನಿವಾರಣೆಯಾಗಿದೆ. 2029ರ ಏಪ್ರಿಲ್ 13ರಂದು ಅದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ.

ಈ ಶಿಸ್ತು ಮೊದಲಿನಿಂದ ಇದ್ದದ್ದಲ್ಲ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜ್ಯುಸೆಪ್ಪೆ ಪಿಯಾಟ್ಸಿ ಮೊದಲ ಕ್ಷುದ್ರಗ್ರಹವನ್ನು ಕಂಡರು. ಕೆಲವು ವಾರಗಳಲ್ಲೇ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಗಣಿತಜ್ಞ ಗೌಸ್ ಲೆಕ್ಕ ಹಾಕಿ ದಾರಿ ತೋರದಿದ್ದರೆ ಆ ವರ್ಷದ ಕೊನೆಯಲ್ಲಿ ಅದನ್ನು ಮತ್ತೆ ಹುಡುಕುವುದು ಬಹಳ ಕಷ್ಟವಾಗುತ್ತಿತ್ತು. ಪಿಯಾಟ್ಸಿ ಇಟ್ಟ ಹೆಸರು ಸೆರೆಸ್ ಫರ್ಡಿನಾಂಡಿಯಾ. ಸೆರೆಸ್ ಎಂದರೆ ಬೆಳೆಯ ಅಧಿದೇವತೆ, ಸಿಸಿಲಿಯ ರಕ್ಷಕಿ. ಎರಡನೆಯ ಪದ ಅಲ್ಲಿನ ರಾಜ ಫರ್ಡಿನಾಂಡನಿಗೆ ಸಲ್ಲಿಸಿದ ಕಾಣಿಕೆ. ಬೇರೆ ದೇಶಗಳವರು ರಾಜನನ್ನು ಒಪ್ಪಲಿಲ್ಲ, ದೇವತೆ ಉಳಿದಳು. ಮರುವರ್ಷ ವಿಲಿಯಂ ಹರ್ಷೆಲ್ ಈ ಕಾಯಗಳನ್ನು ‘ಆ್ಯಸ್ಟರಾಯ್ಡ್’, ಅಂದರೆ ನಕ್ಷತ್ರದಂತೆ ತೋರುವಂಥವು, ಎಂದು ಕರೆದರು. ನಮ್ಮ ‘ಕ್ಷುದ್ರಗ್ರಹ’ ಎಂಬ ಪದದಲ್ಲಿ ‘ಕ್ಷುದ್ರ’ ಎಂದರೆ ಕಿರಿದು ಎಂದಷ್ಟೇ ಅರ್ಥ. ರೂಢಿಯಲ್ಲಿ ಆ ಪದಕ್ಕೆ ನೀಚ ಎಂಬ ಛಾಯೆ ಸೇರಿರುವುದು ಈ ಬಡ ಕಲ್ಲುಗಳ ತಪ್ಪಲ್ಲ.

ಮುಂದಿನ ಹಲವು ದಶಕಗಳ ಕಾಲ ಗ್ರೀಕ್ ಮತ್ತು ರೋಮನ್ ದೇವತೆಯರ ಹೆಸರುಗಳೇ ನಡೆದವು. 1850ರಲ್ಲಿ ಜಾನ್ ರಸೆಲ್ ಹಿಂಡ್ ಹನ್ನೆರಡನೆಯದಕ್ಕೆ ವಿಕ್ಟೋರಿಯಾ ಎಂದು ಹೆಸರಿಟ್ಟಾಗ, ಬದುಕಿರುವ ರಾಣಿಯನ್ನು ಆಕಾಶಕ್ಕೇರಿಸಿದ್ದು ಸರಿಯಲ್ಲವೆಂದು ಅಮೆರಿಕದ ವಿಜ್ಞಾನಿಗಳು ಆಕ್ಷೇಪಿಸಿದರು. ವಿಕ್ಟೋರಿಯಾ ರೋಮನ್ನರ ವಿಜಯದೇವತೆಯೂ ಹೌದು ಎಂಬ ಸಮಾಧಾನದ ಮೇಲೆ ಹೆಸರು ಉಳಿಯಿತು. 1861ರಲ್ಲಿ ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ 67ನೆಯದನ್ನು ಕಂಡುಹಿಡಿದರು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹವಾದ್ದರಿಂದ ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು. ಗ್ರೀಕ್ ಪುರಾಣದಲ್ಲಿ ಆ ಹೆಸರಿನ ದೇವತೆಯೂ ಇದ್ದುದರಿಂದ ಸಂಪ್ರದಾಯಕ್ಕೂ ಭಂಗ ಬರಲಿಲ್ಲ.

1891ರಲ್ಲಿ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ವುಲ್ಫ್ ಛಾಯಾಚಿತ್ರದ ಮೂಲಕ ಕ್ಷುದ್ರಗ್ರಹಗಳನ್ನು ಹಿಡಿಯಲಾರಂಭಿಸಿದ ಮೇಲೆ ಅವುಗಳ ಸಂಖ್ಯೆ ಬೆಳೆಯುತ್ತ ಹೋಯಿತು, ಪುರಾಣದ ಭಂಡಾರ ಸಾಲದಾಯಿತು. ಊರು, ನದಿ, ಹೂವು, ಗೆಳೆಯರು, ಬಂಧುಗಳು ಎಲ್ಲರ ಹೆಸರೂ ಬಂದವು. 2309ನೆಯದನ್ನು ಕಂಡುಹಿಡಿದವರು ತಮ್ಮ ಬೆಕ್ಕಿನ ಹೆಸರನ್ನೇ ಇಟ್ಟುಬಿಟ್ಟರು. ಇಂದು ಸಂಖ್ಯೆ ಪಡೆದ ಕ್ಷುದ್ರಗ್ರಹಗಳು ಏಳು ಲಕ್ಷವನ್ನು ಮೀರಿದ್ದರೂ ಅವುಗಳಲ್ಲಿ ಬಹುಪಾಲಿಗೆ ಹೆಸರೇ ಇಲ್ಲ.

ಈಗ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರಿಗೆ, ಸಂಖ್ಯೆ ಸಿಕ್ಕ ದಿನದಿಂದ ಹತ್ತು ವರ್ಷ ಇರುತ್ತದೆ. ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಹೆಸರು ಹದಿನಾರು ಅಕ್ಷರಗಳನ್ನು ಮೀರಬಾರದು, ಆದಷ್ಟೂ ಒಂದೇ ಪದವಾಗಿರಬೇಕು, ಉಚ್ಚರಿಸಲು ಬರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು. ರಾಜಕಾರಣಿಗಳು ಮತ್ತು ಸೇನಾನಿಗಳ ಹೆಸರಿಗೆ ಅವರು ತೀರಿಕೊಂಡು ನೂರು ವರ್ಷ ಕಳೆದಿರಬೇಕು. ವ್ಯಾಪಾರದ ಹೆಸರು ಸಲ್ಲದು, ಸಾಕುಪ್ರಾಣಿಗಳ ಹೆಸರಿಗೆ ಪ್ರೋತ್ಸಾಹವಿಲ್ಲ. ನೂರು ವರ್ಷ ಕಾಯಿಸುವ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು. ಫರ್ಡಿನಾಂಡನ ಕಾಲದಲ್ಲಿ ಇದ್ದಿದ್ದರೆ ಪಿಯಾಟ್ಸಿಗೂ ಮುಜುಗರ ತಪ್ಪುತ್ತಿತ್ತು. ಒಂದೇ ಪದದ ನಿಯಮ ಹೇಗೆ ಕೆಲಸ ಮಾಡುತ್ತದೆಂಬುದು 51826ನೆಯದರ ಹೆಸರಿನಲ್ಲಿ ಕಾಣುತ್ತದೆ. 2003ರಲ್ಲಿ ಕೊಲಂಬಿಯಾ ನೌಕೆಯೊಂದಿಗೆ ಇಲ್ಲವಾದ ಏಳು ಗಗನಯಾತ್ರಿಗಳಿಗೆ 51823ರಿಂದ 51829ರವರೆಗಿನ ಏಳು ಕ್ಷುದ್ರಗ್ರಹಗಳನ್ನು ಸಾಲಾಗಿ ಮೀಸಲಿಡಲಾಯಿತು. ನಡುವಿನದು ಕಲ್ಪನಾಚಾವ್ಲಾ, ಎರಡು ಪದ ಕೂಡಿ ಒಂದಾದ ಹೆಸರು.

ಕೆಲವು ಬಗೆಯ ಕಕ್ಷೆಗಳಿಗೆ ಹೆಸರಿನ ವಂಶವೂ ನಿಗದಿಯಾಗಿದೆ. ಗುರುಗ್ರಹದ ಕಕ್ಷೆಯಲ್ಲಿ ಅದಕ್ಕಿಂತ 60 ಡಿಗ್ರಿ ಮುಂದೆ ಮತ್ತು 60 ಡಿಗ್ರಿ ಹಿಂದೆ ಎರಡು ಗುಂಪುಗಳು ಸಾಗುತ್ತಿವೆ. 1906ರಲ್ಲಿ ವುಲ್ಫ್ ಕಂಡ ಅಕಿಲೀಸ್‌ನಿಂದ ಆರಂಭವಾಗಿ ಇವುಗಳಿಗೆ ಟ್ರಾಯ್ ಯುದ್ಧದ ವೀರರ ಹೆಸರುಗಳು ಬಂದವು. ಮುಂದಿನದು ಗ್ರೀಕರ ಪಾಳೆಯ, ಹಿಂದಿನದು ಟ್ರಾಯ್‌ನವರದು. ಆದರೆ ಈ ವಿಂಗಡಣೆ ಗಟ್ಟಿಯಾಗುವ ಮೊದಲೇ ಹೆಸರು ಪಡೆದಿದ್ದ ಟ್ರಾಯ್‌ನ ಹೆಕ್ಟರ್ ಗ್ರೀಕರ ನಡುವೆಯೂ, ಅಕಿಲೀಸನ ಗೆಳೆಯ ಪೆಟ್ರೋಕ್ಲಸ್ ಶತ್ರುಗಳ ನಡುವೆಯೂ ಉಳಿದುಬಿಟ್ಟರು. 3200ನೆಯ ಫೇತನ್ ಹೆಸರಂತೂ ಕಕ್ಷೆಗೆ ಹೇಳಿ ಮಾಡಿಸಿದಂತಿದೆ. ಸೂರ್ಯದೇವನ ರಥವನ್ನು ಹಠ ಹಿಡಿದು ಓಡಿಸಲು ಹೋಗಿ ಹಿಡಿತ ತಪ್ಪಿ ಮಡಿದ ಮಗ ಫೇತನ್. ಈ ಬಂಡೆ ಬುಧನ ಕಕ್ಷೆಯನ್ನೂ ದಾಟಿ ಸೂರ್ಯನಿಗೆ ಸುಮಾರು 2.1 ಕೋಟಿ ಕಿಲೋಮೀಟರ್ ಹತ್ತಿರ ಹೋಗಿ ಬರುತ್ತದೆ. ಪ್ರತಿ ಡಿಸೆಂಬರಿನಲ್ಲಿ ಮಿಥುನ ರಾಶಿಯ ದಿಕ್ಕಿನಿಂದ ಸುರಿಯುವ ಉಲ್ಕೆಗಳು ಇದರಿಂದಲೇ ಉದುರಿದ ಚೂರುಗಳು.

ಇಂದು ಹಣ ಕೊಟ್ಟು ಹೆಸರು ಕೊಳ್ಳಲು ಸಾಧ್ಯವಿಲ್ಲ. 1885ರಲ್ಲಿ ಅದು ಸಾಧ್ಯವಿತ್ತು. ವಿಯೆನ್ನಾದ ಜೊಹಾನ್ ಪಲಿಸಾ, ಮರುವರ್ಷದ ಸೂರ್ಯಗ್ರಹಣ ನೋಡಲು ಹೋಗುವ ಖರ್ಚಿಗಾಗಿ, ತಾವು ಕಂಡ ಕ್ಷುದ್ರಗ್ರಹವೊಂದಕ್ಕೆ ಹೆಸರಿಡುವ ಹಕ್ಕನ್ನು 50 ಪೌಂಡ್‌ಗೆ ಮಾರುವುದಾಗಿ ಪ್ರಕಟಿಸಿದರು. ಕೊಂಡವರು ಆಲ್ಬರ್ಟ್ ಫಾನ್ ರೋತ್‌ಶೀಲ್ಡ್ ಎಂಬ ಧನಿಕರು. 250ನೆಯದು ಅವರ ಪತ್ನಿಯ ಹೆಸರಿನಲ್ಲಿ ಬೆಟ್ಟಿನಾ ಆಯಿತು. 1911ರಲ್ಲಿ ಆಲ್ಬರ್ಟ್ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಲಿಸಾ ಭೂಮಿಯ ಸಮೀಪಕ್ಕೆ ಬಂದಿದ್ದ ಪುಟ್ಟ ಕ್ಷುದ್ರಗ್ರಹವೊಂದನ್ನು ಕಂಡು, ವಿಯೆನ್ನಾ ವೀಕ್ಷಣಾಲಯದ ಆ ಪೋಷಕರ ನೆನಪಿಗೆ 719 ಆಲ್ಬರ್ಟ್ ಎಂದು ಹೆಸರಿಟ್ಟರು. ಆದರೆ ಸ್ವಲ್ಪ ಕಾಲವಷ್ಟೇ ಕಂಡ ಅದರ ಕಕ್ಷೆ ಖಚಿತವಾಗಿರಲಿಲ್ಲ. ಸಂಖ್ಯೆಯೂ ಹೆಸರೂ ಪಟ್ಟಿಯಲ್ಲಿದ್ದವು, ಕ್ಷುದ್ರಗ್ರಹ ಮಾತ್ರ ಎಲ್ಲಿಯೂ ಇರಲಿಲ್ಲ. ಹಾಗೆ ಕಳೆದುಹೋಗಿದ್ದ ಇತರ ಕ್ಷುದ್ರಗ್ರಹಗಳು ಒಂದೊಂದಾಗಿ ಸಿಕ್ಕ ಮೇಲೂ ಆಲ್ಬರ್ಟ್ ಸಿಗಲಿಲ್ಲ.

2000ದ ಮೇ ತಿಂಗಳಲ್ಲಿ ಅಮೆರಿಕದ ಅರಿಜೋನಾದಿಂದ ಹೊಸದೊಂದು ಕ್ಷುದ್ರಗ್ರಹ ಕಂಡಿತು. ಹೊಸದಕ್ಕೆಲ್ಲ ಸಿಗುವಂತೆ ಅದಕ್ಕೂ 2000 ಜೆಡಬ್ಲ್ಯೂ8 ಎಂಬ ತಾತ್ಕಾಲಿಕ ಗುರುತು ಸಿಕ್ಕಿತು. ಅದರ ದಾರಿಯನ್ನು ಲೆಕ್ಕ ಹಾಕುತ್ತ 89 ವರ್ಷ ಹಿಂದಕ್ಕೆ ಹೋದಾಗ, ಪಲಿಸಾ ಅಂದು ನೋಡಿದ್ದು ಇದನ್ನೇ ಎಂಬುದು ತಿಳಿಯಿತು. ಹೊಸ ಸಂಖ್ಯೆಯಾಗಲಿ ಹೊಸ ಹೆಸರಾಗಲಿ ಅದಕ್ಕೆ ಬೇಕಾಗಲಿಲ್ಲ.